ಗೋಡೆ ಸುಮ್ಮನಾದ ಮೇಲೆ

ನಾನು ಮದುವೆಯಾಗಿ ಈ ಊರಿಗೆ ಬಂದ ಮೂರನೆಯ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಯಾರೂ ಇಲ್ಲದ ನಡುಮನೆಯಲ್ಲಿ ಗೋಡೆ ಎರಡು ಸಲ ಕೆಮ್ಮಿತು. ಕೈಯಲ್ಲಿದ್ದ ಪೊರಕೆಯನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದೆ. ಅತ್ತೆ ನಂಜಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ನನ್ನ ಮುಖ ನೋಡಿದವರೇ, "ನೆನ್ನೆ ಇಷ್ಟೊತ್ತಿಗೆ ನಿಮ್ಮಾವ ಒಗ್ಗರಣೆ ಘಾಟಿಗೆ ಕೆಮ್ಮಿದ್ರಲ್ಲ, ಅದು ಕಣವ್ವ. ಯಾಕೆ, ನಿಮ್ಮೂರಲ್ಲಿ ಗೋಡೆ ಸುಮ್ಕಿರ್ತಾವಾ?" ಎಂದು ಕೇಳಿದರು. ಸುಮ್ಮನಿರುತ್ತವೆ ಎಂದೆ. "ಮತ್ತೆ ಯಾರಿಗೆ ಹುಷಾರಿಲ್ಲ ಅಂತ ಹೆಂಗೆ ಗೊತ್ತಾಯ್ತದೆ?" ಎಂದರು. ನಾನು ಬಿ.ಎಸ್ಸಿ. ಓದಿದವಳು. ಅವರ ಪಕ್ಕ ಕೂತು ನಾನೂ ಬೀಜ ಬಿಡಿಸತೊಡಗಿದೆ.

ಈ ಊರಿನ ಗೋಡೆಗಳು ಮಾತನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನಗುವನ್ನೂ ಇಲ್ಲ, ಅಳುವನ್ನೂ ಇಲ್ಲ. ಕೆಮ್ಮನ್ನು ಮಾತ್ರ. ಇವತ್ತು ಕೆಮ್ಮಿದ್ದು ನಾಳೆ ಅದೇ ಹೊತ್ತಿಗೆ ಒಂದು ಸಲ ಕೇಳಿಸುತ್ತದೆ, ಕೆಮ್ಮಿದವರ ದನಿಯಲ್ಲೇ. ಶಾಲೆಯಲ್ಲಿ ಮೇಷ್ಟರು ಹಾಜರಿ ಕರೆಯುವಾಗ, ಇವತ್ತು ಬಾರದೆ ಮನೆಯಲ್ಲಿ ಮಲಗಿರುವ ಮಗು ಹಿಂದಿನ ಬೆಂಚಿನ ಗೋಡೆಯಿಂದ ಕೆಮ್ಮುತ್ತದೆ, ಉಳಿದ ಮಕ್ಕಳು "ಬಂದವ್ನೆ ಸಾರ್" ಎಂದು ಕೂಗುತ್ತಾರೆ. ಬಾಡಿಗೆ ಮನೆ ನೋಡುವವರು, ಹಳಬರು ಖಾಲಿ ಮಾಡಿದ ಮರುದಿನವೇ ಬುತ್ತಿ ಕಟ್ಟಿಕೊಂಡು ಬಂದು, ಬರಿದಾದ ಮನೆಯಲ್ಲಿ ಚಾಪೆ ಹಾಸಿ, ಸಂಜೆಯ ತನಕ ಕಿವಿಗೊಟ್ಟು ಕೂರುತ್ತಾರೆ. ಹೆಣ್ಣು ನೋಡಲು ಬರುವವರೂ ಅಷ್ಟೇ. ಉಪ್ಪಿಟ್ಟು, ಕಾಫಿ, ಊಟ, ಎಲೆಯಡಿಕೆ ಎಲ್ಲ ಮುಗಿದ ಮೇಲೂ ಏಳುವುದಿಲ್ಲ. ಹುಡುಗಿಯನ್ನು ನೋಡುವುದು ಐದು ನಿಮಿಷ, ಉಳಿದ ಹೊತ್ತೆಲ್ಲ ಗೋಡೆ.

ಹೊಸದಾಗಿ ಗಾರೆ ಬಳಿದ ಗೋಡೆ ಮಾತ್ರ ತಿಂಗಳವರೆಗೂ ಕೆಮ್ಮನ್ನು ಹಿಡಿಯುವುದಿಲ್ಲ. ನನ್ನ ಮಾವ ಚೌಡಪ್ಪ ಮೇಸ್ತ್ರಿ ಮೂವತ್ತು ವರ್ಷದಿಂದ ಮಾಡಿಕೊಂಡು ಬಂದದ್ದು ಆ ಕೆಲಸವನ್ನೇ. ಮದುವೆಯ ಮಾತು ಶುರುವಾದ ಮನೆಗಳಿಂದ ಪುರೋಹಿತರಿಗಿಂತ ಮೊದಲು ಇವರಿಗೆ ಹೇಳಿಕೆ ಬರುತ್ತಿತ್ತು. "ಮೇಸ್ತ್ರಿ, ಒಳಕೋಣೆಗೆ ಒಂದು ಕೈ ಎಳೆದುಬಿಡಿ" ಎನ್ನುತ್ತಿದ್ದರು. ಯಾಕೆಂದು ಇವರು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ಮಾವನ ಗಾರೆ ಕನ್ನಡಿಯ ಹಾಗಿರುತ್ತಿತ್ತು. ನಮ್ಮ ಮನೆಯ ಗೋಡೆಗಳನ್ನು ಮಾತ್ರ ಅವರು ಹತ್ತು ವರ್ಷದಿಂದ ಮುಟ್ಟಿರಲಿಲ್ಲ. "ನಮ್ಮನೇಲಿ ಮುಚ್ಚೋದೇನೈತೆ" ಎನ್ನುತ್ತಿದ್ದರು.

ಹೋದ ಸಂಕ್ರಾಂತಿ ಕಳೆದ ಮೇಲೆ ಮಾವನಿಗೆ ಕೆಮ್ಮು ಶುರುವಾಯಿತು. ಹಗಲೆಲ್ಲ ಹಸಿ ಗಾರೆಯ ನಡುವೆ ಇರುವವರು, ಅವರ ಕೆಮ್ಮು ಯಾವ ಮನೆಯ ಗೋಡೆಗೂ ಅಂಟಲಿಲ್ಲ. ಮನೆಯಲ್ಲಿದ್ದಾಗ ಅಂಗಳಕ್ಕೆ ಹೋಗಿ ಕೆಮ್ಮಿ ಬರುತ್ತಿದ್ದರು. ಆದರೆ ಹನ್ನೊಂದಕ್ಕೆ ತಿಂಡಿಗೆಂದು ಬಂದಾಗ ಮುದ್ದೆ ನುಂಗುವ ಮೊದಲು ತಡೆಯಲಾಗದೆ ಒಂದು ಸುತ್ತು ಬರುತ್ತಿತ್ತು. ಅದು ಮರುದಿನ ನಡುಮನೆಯಲ್ಲಿ ಕೇಳುತ್ತಿತ್ತು. ನಾಲ್ಕೂವರೆ ವರ್ಷದ ನನ್ನ ಮಗಳು ಇಂಚರ ಗೋಡೆಗೆ ಕೆನ್ನೆಯಿಟ್ಟು, "ತಾತ ಬರೋಕೆ ಮುಂಚೆ ತಾತನ ಕೆಮ್ಮು ಬಂತು" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ನಾನು ಮೊದಲಿನಿಂದಲೂ ಅಂಜುವವಳು. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತೇನೆ, ಬೀಗ ಹಾಕಿ ಹತ್ತು ಹೆಜ್ಜೆ ಹೋಗಿ ತಿರುಗಿ ಬಂದು ಎಳೆದು ನೋಡುತ್ತೇನೆ. ಗಂಡ ಶಾಂತರಾಜು ಲೈನ್‌ಮನ್. ಕಂಬ ಹತ್ತುವ ಅವರಿಗೆ ನನ್ನ ಹೆದರಿಕೆಗಳನ್ನು ಕೇಳಿದರೆ ತಮಾಷೆ. ಆದರೆ ನಾನು ನೋಡುವುದನ್ನು ನೋಡಿಯೇ ನೋಡುತ್ತೇನೆ. ಮಾವ ಉಡಿದಾರವನ್ನು ಬಿಚ್ಚಿ ಬಿಗಿಯಾಗಿ ಕಟ್ಟಿಕೊಂಡದ್ದು, ಹದಿನೈದು ದಿನಕ್ಕೆ ಮತ್ತೆ ಕಟ್ಟಿಕೊಂಡದ್ದು, ಶಿವರಾತ್ರಿಯ ಬಿಸಿಲಿನಲ್ಲೂ ಸಂಜೆಯಾದರೆ ಕಂಬಳಿ ಹೊದ್ದು ಜಗಲಿಯ ಮೂಲೆಗೆ ಸರಿಯುತ್ತಿದ್ದುದು, ಎರಡು ಮುದ್ದೆ ಒಂದಾಗಿ ಒಂದು ಅರ್ಧವಾದದ್ದು. ಕೇಳಿದರೆ "ಸುಣ್ಣದ ಧೂಳು ಕಣವ್ವ" ಎನ್ನುತ್ತಿದ್ದರು. ಅತ್ತೆಯೂ "ಧೂಳು" ಎನ್ನುತ್ತಿದ್ದರು. ಅವರು ಹಾಗೆ ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಮಾತಾಡುವ ಮೊದಲು ಮಾತನ್ನು ಮನಸ್ಸಿನಲ್ಲೇ ಬರೆದು, ಅಳಿಸಿ, ಮತ್ತೆ ಬರೆಯುವುದು ನನ್ನ ಅಭ್ಯಾಸ. ನಾನು ಅನುಮಾನಿಸಿದ್ದ ಕಾಯಿಲೆಯ ಹೆಸರೆತ್ತದೆ, ಹೆದರಿಸದೆ, ಬೇಡದೆ ಹೇಗೆ ಹೇಳುವುದು ಎಂದು ಎರಡು ದಿನ ಯೋಚಿಸಿದೆ. ಕೊನೆಗೆ ಸೋಮವಾರ ಊಟಕ್ಕೆ ಬಡಿಸುವಾಗ, "ಮಾವ, ನಿನ್ನೆ ಭಾನುವಾರ ನೀವು ಕೆಲಸಕ್ಕೆ ಹೋಗಲಿಲ್ಲ. ಧೂಳಿನ ಕೆಮ್ಮಾದರೆ ಅದೂ ಒಂದು ದಿನ ರಜಾ ತಗೊಳ್ಳಬೇಕಿತ್ತಲ್ಲ?" ಎಂದೆ. ಮಾವನಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು, ಅದು ನಿಲ್ಲುವಷ್ಟರಲ್ಲಿ ಅವರ ಕಣ್ಣಲ್ಲಿ ನೀರಾಡುತ್ತಿತ್ತು. "ಓದಿಸಿದ ಸೊಸೆ ತಂದಿದ್ದು ತಪ್ಪಾಯ್ತು ಕಣೇ ನಂಜಿ" ಎಂದು ಅತ್ತೆಗೆ ಹೇಳಿ, ನನ್ನ ಕಡೆ ತಿರುಗಿ, "ನಾಳೆ ಹೋಗಾನ" ಎಂದರು.

ನಮ್ಮೂರಿನ ಕಫ ಪರೀಕ್ಷೆಯ ಕೇಂದ್ರಕ್ಕೆ ಗೋಡೆಗಳಿಲ್ಲ. ಹಂಚಿನ ಸೂರು, ಹನ್ನೆರಡು ಕಂಬ, ನಾಲ್ಕೂ ಕಡೆಯಿಂದ ಗಾಳಿ. ಅಲ್ಲಿ ಸಿಸ್ಟರ್ ರೆಹಾನಾ ಕಾಗದಗಳ ಮೇಲೆಲ್ಲ ಕಲ್ಲು ಹೇರಿಕೊಂಡು ಕೂತಿರುತ್ತಾಳೆ. ಮಾವನಿಗೊಂದು ಡಬ್ಬಿ ಕೊಟ್ಟು ಬೇವಿನ ಮರದ ಹಿಂದಕ್ಕೆ ಕಳಿಸಿದಳು. ಮಾವ ತಂದು ಕೊಟ್ಟದ್ದನ್ನು ಬೆಳಕಿಗೆ ಹಿಡಿದು, "ಮೇಸ್ತ್ರಿಗಳೇ, ಇದು ಬರೀ ಎಂಜಲು. ಗಾರೆ ಮೇಲೆ ನಿಂತ ನೀರು ತಂದು ಗಾರೆ ಅಂದ್ರೆ ನೀವು ಒಪ್ತೀರಾ? ಉಸಿರು ಎಳ್ಕೊಂಡು ಎದೆ ಒಳಗಿಂದ ತನ್ನಿ" ಎಂದಳು. ಮಾವ ಗೊಣಗಿಕೊಂಡು ಮತ್ತೆ ಹೋದರು. ಮರುದಿನ ಬೆಳಗಿನದ್ದನ್ನೂ ತಂದು ಕೊಟ್ಟೆವು. ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇಯನ್ನೂ ತೆಗೆದರು. ಮೂರನೆಯ ದಿನ ರೆಹಾನಾ ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕೂತಾಗಲೇ ನನಗೆ ಗೊತ್ತಾಯಿತು. "ಟಿ.ಬಿ. ಇದೆ. ವಾಸಿಯಾಗುತ್ತೆ. ಈ ಎರಡೂ ಮಾತನ್ನ ಒಟ್ಟಿಗೇ ಕೇಳಿಸಿಕೊಳ್ಳಿ" ಎಂದಳು. ಆರು ತಿಂಗಳು ಮಾತ್ರೆ, ದಿನವೂ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಮೊದಲ ಎರಡು ತಿಂಗಳು ಒಂದು ಬಗೆ, ಆಮೇಲಿನ ನಾಲ್ಕು ತಿಂಗಳು ಇನ್ನೊಂದು ಬಗೆ. ಕಿಟಕಿ ತೆಗೆದಿಡಬೇಕು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯಬೇಕು. ಇಂಚರಳನ್ನು ಕೇಂದ್ರದ ಡಾಕ್ಟರಮ್ಮ ಪರೀಕ್ಷೆ ಮಾಡಿದರು. ಕಾಯಿಲೆ ಇರಲಿಲ್ಲ, ಬಾರದ ಹಾಗೆ ಅವಳಿಗೂ ಔಷಧಿ ಕೊಟ್ಟರು. ಮನೆಗೆ ಬಂದಾಗ ಅತ್ತೆ ಮಾವನ ತಟ್ಟೆ ಲೋಟವನ್ನು ಬೇರೆ ಗೂಡಿಗೆ ಇಟ್ಟಿದ್ದರು. ಮಾರನೆಯ ದಿನ ಮನೆ ನೋಡಲು ಬಂದ ರೆಹಾನಾ ಅದನ್ನು ಕಂಡು, "ನಂಜಮ್ಮೋರೇ, ಇದು ತಟ್ಟೆಯಿಂದ ಬರಲ್ಲ, ಗಾಳಿಯಿಂದ ಬರೋದು. ತಟ್ಟೆ ಒಳಗೆ ತನ್ನಿ, ಕಿಟಕಿ ಹೊರಗೆ ತೆಗೀರಿ" ಎಂದಳು. ಅತ್ತೆಗೆ ಅವಮಾನವಾಗಿ, ಅವಳಿಗೆ ಕೊಡಬೇಕೆಂದು ಮಾಡಿದ್ದ ಕಾಫಿಗೆ ಸಕ್ಕರೆ ಹಾಕುವುದನ್ನೇ ಮರೆತರು.

ಮಾತ್ರೆ ತಗೊಂಡರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ ಎಂದು ಮಾವನಿಗೆ ತಿಳಿಸಲು ರೆಹಾನಾ ನನಗೆ ಹೇಳಿದ್ದಳು. ಮಾವನಿಗೆ ಅದನ್ನು ಯಾವ ಮಾತಿನಲ್ಲಿ ಹೇಳುವುದೆಂದು ತೋಚದೆ ಸುಮ್ಮನಿದ್ದುಬಿಟ್ಟೆ. ಎರಡನೆಯ ದಿನ ಬೆಳಿಗ್ಗೆ ಮಾವ ಹಿತ್ತಲಿನಿಂದ ಪಂಚೆ ಎತ್ತಿ ಹಿಡಿದುಕೊಂಡೇ ಓಡಿ ಬಂದು, "ನಂಜೀ, ರಕ್ತ ಕಣೇ, ಎಲ್ಲ ರಕ್ತ" ಎಂದು ಕೂಗಿದಾಗ ಅಡುಗೆಮನೆಯಿಂದಲೇ, ಅವರ ಕಡೆ ಬೆನ್ನು ಮಾಡಿಕೊಂಡು, "ಅದು ಮಾತ್ರೆ ಬಣ್ಣ ಮಾವ" ಎಂದೆ. ಬೆವರಿಗೂ ಆ ಬಣ್ಣ ಸ್ವಲ್ಪ ಇಳಿಯುತ್ತಿತ್ತು. ಅವರ ಬನಿಯನ್ನುಗಳನ್ನು ಒಗೆಯುವವಳು ನಾನೇ. ಕಂಕುಳಿನಲ್ಲಿ, ಬೆನ್ನಿನಲ್ಲಿ ತೆಳುವಾದ ಕಿತ್ತಳೆಯ ಕಲೆ. ಸೋಪು ಹಾಕಿ ಉಜ್ಜಿದರೆ ಮಸುಕಾಗುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು.

ಮೊದಲ ಮೂರು ವಾರ ಮಾವನಿಗೆ ವಾಕರಿಕೆ, ಕೀಲುನೋವು. ಆಮೇಲೆ ಸಂಜೆಯ ಜ್ವರ ಬಿಟ್ಟಿತು. ಮುದ್ದೆ ಒಂದಾಯಿತು, ಒಂದೂವರೆಯಾಯಿತು. ಏಳನೆಯ ವಾರ, ಹನ್ನೊಂದು ಗಂಟೆಗೆ, ನಡುಮನೆಯ ಗೋಡೆ ಏನೂ ಹೇಳಲಿಲ್ಲ. ಮರುದಿನವೂ ಇಲ್ಲ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೈ ಮುಗಿದರು. ಈ ಊರಿನಲ್ಲೊಂದು ಪದ್ಧತಿಯಿದೆ. ಕಾಯಿಲೆಯವರ ಮನೆಯ ಗೋಡೆ ಒಂಬತ್ತು ದಿನ ಸುಮ್ಮನಿದ್ದರೆ ಮೌನದೂಟ ಹಾಕುತ್ತಾರೆ. ನೆಂಟರು, ನೆರೆಯವರು ಬಂದು ಎಲೆಯ ಮುಂದೆ ಕೂರುತ್ತಾರೆ. ಎಲ್ಲ ಬಡಿಸಿಯಾದರೂ ಯಾರೂ ಮುಟ್ಟುವುದಿಲ್ಲ. ಕೆಮ್ಮು ಕೇಳುತ್ತಿದ್ದ ಹೊತ್ತು ದಾಟುವವರೆಗೆ ಕಾದು, ಗೋಡೆ ಸುಮ್ಮನಿದ್ದದ್ದನ್ನು ಎಲ್ಲರೂ ಕೇಳಿಸಿಕೊಂಡು, ಆಮೇಲೆ ತುತ್ತು ಎತ್ತುತ್ತಾರೆ. ಅಲ್ಲಿಗೆ ಕಾಯಿಲೆ ಹೋಯಿತೆಂದೇ ಲೆಕ್ಕ. ಆಮೇಲೆ ಆ ಮನೆಯಲ್ಲಿ ಔಷಧಿ ಮುಟ್ಟಿದರೆ ಉಂಡವರಿಗೆ ಸುಳ್ಳು ಬಡಿಸಿದ ಹಾಗೆ.

"ಆರು ತಿಂಗಳಾದ ಮೇಲೆ ಊಟ ಹಾಕೋಣ ಅತ್ತೆ" ಎಂದು ನಾನು ಹೇಳಿ ನೋಡಿದೆ. "ಅಲ್ಲೀಗಂಟ ಜನ ಏನಂತಾರೆ? ಗೋಡೆ ಸುಮ್ಕಾದ್ರೂ ಊಟ ಹಾಕಲಿಲ್ಲ, ಒಳಗೆ ಇನ್ನೇನೋ ಐತೆ ಅಂತಾರೆ. ನಿಮ್ಮಾವನ್ನ ಯಾರು ಕೆಲಸಕ್ಕೆ ಕರೀತಾರೆ?" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನ್ನ ತೊಂದರೆ. ಊಟದ ದಿನ ನಲವತ್ತು ಜನ ಸೇರಿದರು. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಮಾತು ನಿಂತಿತು. ನೆಂಟರ ಪೈಕಿ ಒಬ್ಬ ಮುದುಕರಿಗೆ ಚಟ್ನಿಯ ವಾಸನೆಗೇ ಗಂಟಲು ತುರಿಸಿ, ಬಾಯಿಗೆ ಟವೆಲ್ ಒತ್ತಿಕೊಂಡು ಬೀದಿಗೆ ಓಡಿದರು. ಅವರು ಅಲ್ಲಿ ಕೆಮ್ಮುವುದು ಕೇಳಿ ಮಕ್ಕಳು ಮುಸಿಮುಸಿ ನಕ್ಕರು. ಗೋಡೆ ಮಾತ್ರ ಉಸಿರೆತ್ತಲಿಲ್ಲ. "ಶುರು ಮಾಡ್ರಪ್ಪ" ಎಂದರು ಮಾವ. ಅವರ ಮುಖ ಬೆಳಗುತ್ತಿತ್ತು. ನಾನು ಪಲ್ಯದ ಬಟ್ಟಲು ಹಿಡಿದು ಸಾಲಿನುದ್ದಕ್ಕೂ ಬಡಿಸುತ್ತಾ ಹೋದೆ. ಈ ನಲವತ್ತು ಜನರೂ ಕೇಳಿಸಿಕೊಂಡದ್ದು ಗೋಡೆಯನ್ನು, ಮಾವನ ಎದೆಯನ್ನಲ್ಲ ಎಂದು ಯಾರಿಗೆ ಹೇಳುವುದೆಂದು ತಿಳಿಯದೆ.

ಆಮೇಲೂ ಮಾವ ದಿನಾ ಬೆಳಿಗ್ಗೆ ಮಾತ್ರೆಯ ಹಾಳೆಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. "ಅಲ್ಲೇ ನುಂಗ್ತೀನಿ ಕಣವ್ವ, ಮನೇಲಿ ಯಾಕೆ" ಎಂದಿದ್ದರು. ಸಂಜೆ ಬಿಡಿಸಿದ ಹಾಳೆ ತಂದು ನನ್ನ ಕೈಗೆ ಕೊಡುತ್ತಿದ್ದರು. ನಾನು ನಂಬಿದೆ. ಬಿಸಿಲು ಏರಿತ್ತು. ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬನಿಯನ್ನು ಹರಡಿ ಸೋಪು ಕೈಗೆ ತೆಗೆದುಕೊಂಡವಳು ಹಾಗೇ ನಿಂತೆ. ಬೆವರಿನಿಂದ ಇನ್ನೂ ಒದ್ದೆಯಾಗಿದ್ದ ಬನಿಯನ್ನು, ಆದರೆ ಬೆಳ್ಳಗಿತ್ತು. ಹಿಂದಿನ ದಿನದ್ದನ್ನು ಬುಟ್ಟಿಯಿಂದ ತೆಗೆದು ನೋಡಿದೆ. ಅದೂ ಬೆಳ್ಳಗಿತ್ತು. ಸೋಪು ಬದಲಾಯಿತೇ, ಮಾತ್ರೆಯ ಬಗೆ ಬದಲಾದದ್ದಕ್ಕೆ ಹೀಗಾಯಿತೇ ಎಂದು ನನ್ನನ್ನೇ ಸಮಾಧಾನ ಮಾಡಿಕೊಂಡು, ಕೊನೆಗೆ ತಾಳಲಾಗದೆ ರೆಹಾನಾಗೆ ಫೋನ್ ಮಾಡಿದೆ. "ಹೊಸ ಮಾತ್ರೆಯಲ್ಲೂ ಆ ಬಣ್ಣದ ಔಷಧಿ ಇದೆ ವಾರಿಜಕ್ಕ. ಮಾತ್ರೆ ನಿಂತರೆ ಮಾತ್ರ ಬಣ್ಣ ನಿಲ್ಲುತ್ತೆ" ಎಂದಳು. ದನಿ ತಗ್ಗಿಸಿ, "ಕೆಮ್ಮು ನಿಂತರೂ ಕೆಲವು ರೋಗಾಣು ಒಳಗೆ ಉಳಿದಿರ್ತವೆ. ಈಗ ಬಿಟ್ಟರೆ ಅವು ಮಾತ್ರೆಗೆ ಬಗ್ಗದ ಹಾಗೆ ಬೆಳೀತವೆ. ಆಮೇಲೆ ಈ ಔಷಧಿ ನೀರಿದ್ದ ಹಾಗೆ. ಹೆಂಗಾದ್ರೂ ಕರ್ಕೊಂಡು ಬನ್ನಿ" ಎಂದಳು. ನಡುಮನೆಯಲ್ಲಿ ಇಂಚರ ತಾತನ ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದಳು.

ಆ ಸಂಜೆ ಮಾವ ಬಿಡಿಸಿದ ಹಾಳೆ ಚಾಚಿದಾಗ ನಾನು ಕೈ ಮುಂದೆ ಮಾಡಲಿಲ್ಲ. "ಮಾವ, ನಿಮ್ಮ ಬನಿಯನ್ ತುಂಬ ಬೆಳ್ಳಗಾಗಿದೆ" ಎಂದೆ. ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವರ ಮುಖ ಗಟ್ಟಿಯಾಯಿತು. "ನನ್ನ ಬೆವರಿನ ಮೇಲೂ ಕಣ್ಣಿಟ್ಟಿದ್ದೀಯೇನವ್ವ?" ಎಂದರು. ಹೌದು ಎಂದೆ. ಅದಕ್ಕಿಂತ ಒಳ್ಳೆಯ ಮಾತು ಸಿಗಲಿಲ್ಲ. "ಆ ಮಾತ್ರೆ ದಿನಾ ಗಾರೆ ತೊಟ್ಟಿಗೆ ಹಾಕ್ತಿದ್ದೀನಿ. ಕಲಸಿ ಬಳೀತಿದ್ದೀನಿ. ಏನೀಗ? ನಲವತ್ತು ಜನಕ್ಕೆ ಉಣ್ಣಿಸಿ ಕದ್ದು ಮಾತ್ರೆ ನುಂಗೋ ಬಾಳು ನನಗೆ ಬೇಡ. ಎದೆ ಹಗುರಾಗೈತೆ, ಗೋಡೆ ಸುಮ್ಕೈತೆ, ನಿನಗೆ ಮಾತ್ರ ಕಾಯಿಲೆ ಬೇಕಾಗೈತೆ." ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದ ಮಾತುಗಳೆಲ್ಲ, ರೋಗಾಣು, ಆರು ತಿಂಗಳು, ಮಗು, ಒಂದರ ಮೇಲೊಂದು ಬಿದ್ದು ಅಡ್ಡಾದಿಡ್ಡಿಯಾಗಿ ಹೊರಬಂದವು. ಅವರು ಎದ್ದು ಜಗಲಿಗೆ ಹೋದರು. ಶಾಂತರಾಜು ಹೇಳಿ ನೋಡಿದರು, ಪ್ರಯೋಜನವಾಗಲಿಲ್ಲ. ಆಮೇಲೆ ಐದು ದಿನ ಮಾವ ನನ್ನ ಹತ್ತಿರ ಎರಡನೆಯ ಸಲ ಸಾರು ಕೇಳಲಿಲ್ಲ. ಇಂಚರ ತಾತನ ತೊಡೆ ಏರಲು ಹೋದರೆ ನಾನು ಏನಾದರೊಂದು ನೆಪ ಹೇಳಿ ಅವಳನ್ನು ಕರೆದುಕೊಳ್ಳುತ್ತಿದ್ದೆ. ಮಾವ ಅದನ್ನು ನೋಡುತ್ತಿದ್ದರು. ನೋಡುತ್ತಿದ್ದಾರೆಂದು ನನಗೂ ಗೊತ್ತಿತ್ತು.

ಆರನೆಯ ದಿನ ಅವರು ಪೇಟೆಯ ದಾಸಪ್ಪ ಶೆಟ್ಟರ ಹೊಸ ಅಂಗಡಿಯಲ್ಲಿದ್ದರು. ಹದಿನೈದು ದಿನದ ಹಿಂದೆ ಬಳಿದ ಗೋಡೆ ಬಿರುಕು ಬಿಟ್ಟಿದೆಯೆಂದು ಶೆಟ್ಟರು ಕರೆಸಿದ್ದರು. ನಾನು ಬುತ್ತಿ ತೆಗೆದುಕೊಂಡು ಹೋದಾಗ ಮಾವ ಬಿರುಕಿನ ಮೇಲೆ ಉಗುರಾಡಿಸುತ್ತಾ ನಿಂತಿದ್ದರು. ಬೆನ್ನು ನನ್ನ ಕಡೆಗಿತ್ತು. "ನೀರು ಹೊಡೆದ್ರಾ ಶೆಟ್ರೇ?" ಎಂದು ಕೇಳಿದರು. "ಹೊಡೆದೆ ಮೇಸ್ತ್ರಿ, ಐದಾರು ದಿನ." "ನಾನೆಷ್ಟು ದಿನ ಹೇಳಿದ್ದೆ?" ಶೆಟ್ಟರು ತಲೆ ಕೆರೆದುಕೊಂಡು, "ಇಪ್ಪತ್ತೊಂದು. ಆದ್ರೆ ಮುಟ್ಟಿ ನೋಡಿದೆ ಮೇಸ್ತ್ರಿ, ಕಲ್ಲಿದ್ದಂಗಿತ್ತು. ಗಟ್ಟಿಯಾದ ಗೋಡೆಗೆ ಇನ್ಯಾಕೆ ನೀರು ಅಂತ ಬಿಟ್ಟೆ" ಎಂದರು. ಮಾವನಿಗೆ ಎಲ್ಲಿತ್ತೋ ಸಿಟ್ಟು. "ಮುಟ್ಟಿ ನೋಡಿದ್ರಂತೆ! ಮೇಲೆ ಗಟ್ಟಿಯಾದ್ರೆ ಆಯ್ತಾ? ಒಳಗೆ ಇನ್ನೂ ಕಚ್ಚಿಕೊಂಡಿರಲ್ಲ. ಒಳಗಿಂದು ನಿಮ್ಮ ಬೆರಳಿಗೆ ಗೊತ್ತಾಯ್ತದಾ? ಇಪ್ಪತ್ತೊಂದು ಅಂತ ನಾನೇನು ಬಾಯಿಗೆ ಬಂದಿದ್ದು ಹೇಳ್ತೀನಾ? ಮಾಡಿ ಮಾಡಿ ಕಂಡೋನು ಹೇಳಿದ್ರೆ ಕೇಳಬಾರ್ದಾ? ಚೆನ್ನಾಗಿ ಕಾಣ್ತದೆ ಅಂತ ನಡುವೆ ಬಿಟ್ಟುಬಿಟ್ಟು, ಈಗ..." ಎನ್ನುತ್ತಾ ತಿರುಗಿದರು. ಬುತ್ತಿ ಹಿಡಿದು ನಿಂತಿದ್ದ ನನ್ನನ್ನು ಕಂಡರು.

ಶೆಟ್ಟರು ಬೈಗುಳ ನಿಂತದ್ದೇ ಸಾಕೆಂದು, "ಸೊಸೆ ಬಂದ್ರೆ ಮೇಸ್ತ್ರಿ ಎಷ್ಟು ತಣ್ಣಗಾದ್ರು ನೋಡಿ. ದಿನಾ ಬಾರಮ್ಮ ನೀನು" ಎಂದರು. ಮಾವ ಗಾರೆ ಬಳಿಯುವ ಕರಣೆಯನ್ನು ಬಾಂಡಲಿಯಲ್ಲಿಟ್ಟು ಕೈ ತೊಳೆದುಕೊಂಡರು. ಸಿಮೆಂಟ್ ಚೀಲದ ಮೇಲೆ ಕೂತು ಬುತ್ತಿ ಬಿಚ್ಚಿ, ಎರಡು ತುತ್ತು ತಿಂದು, ತಲೆ ಎತ್ತದೆ "ನಗಬೇಡ" ಎಂದರು. "ನಾನೇನೂ ಅನ್ನಲಿಲ್ಲ ಮಾವ" ಎಂದೆ. "ಅದಕ್ಕೇ ಹೇಳಿದ್ದು" ಎಂದರು. ಬುತ್ತಿ ಪೂರ್ತಿ ಖಾಲಿಯಾಯಿತು. ಬಾಯಿ ಮುಕ್ಕಳಿಸಿ ಉಗಿದು, "ಆ ಮೊಂಡು ಸಿಸ್ಟರು ಎಷ್ಟೊತ್ತಿನ ಗಂಟ ಇರ್ತಾಳೆ?" ಎಂದು ಕೇಳಿದರು. ನಾಲ್ಕು ಗಂಟೆಯವರೆಗೆ ಎಂದೆ. ಕ್ಯಾರಿಯರ್ ಮುಚ್ಚಿ, ಅವರು ಕೈ ಒರೆಸಿಕೊಳ್ಳುವ ಮೊದಲೇ ಬೀದಿಗೆ ಇಳಿದೆ.

ಹತ್ತೊಂಬತ್ತು ದಿನದ ಮಾತ್ರೆ ಎಲ್ಲಿಗೆ ಹೋಯಿತೆಂದು ಮಾವ ರೆಹಾನಾಗೆ ತಾವೇ ಹೇಳಿದರು. ಅವಳು ಹಣೆ ಚಚ್ಚಿಕೊಂಡು, "ಆ ಮನೆಗಳ ಗೋಡೆಗೆ ಇನ್ನು ಜನ್ಮದಲ್ಲಿ ಟಿ.ಬಿ. ಬರಲ್ಲ ಬಿಡಿ" ಎಂದಳು. ಆಮೇಲೆ ನಗದೆ ಡಬ್ಬಿ ಕೊಟ್ಟಳು. ಕಫವನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಮೂರು ದಿನ ಕಾಯಬೇಕಾಯಿತು. ಆ ಮೂರು ದಿನ ನಾನು ಅಕ್ಕಿಯಲ್ಲಿ ಕಲ್ಲು ಆರಿಸಿದ್ದು, ಆರಿಸಿದ್ದನ್ನೇ ಮತ್ತೆ ಆರಿಸಿದ್ದು ನೆನಪಿದೆ. ಫಲಿತಾಂಶ ಬಂದ ದಿನ ಡಾಕ್ಟರಮ್ಮ, "ಕಫದಲ್ಲಿ ರೋಗಾಣು ಕಾಣಿಸಲಿಲ್ಲ" ಎಂದರು. ಮಾವನ ಮುಖದಲ್ಲಿ ನಗು ಮೂಡುವ ಮೊದಲೇ, "ಕಾಣಿಸಲಿಲ್ಲ ಅಂದರೆ ಇಲ್ಲ ಅಂತಲ್ಲ ಮೇಸ್ತ್ರಿ. ಬಿಟ್ಟ ದಿನಗಳನ್ನೂ ಸೇರಿಸಿ ಪೂರ್ತಿ ಮುಗಿಸಬೇಕು" ಎಂದರು. "ಗೊತ್ತು ತಾಯಿ. ಮೇಲೆ ಗಟ್ಟಿ, ಒಳಗೆ ಗೊತ್ತಿಲ್ಲ" ಎಂದರು ಮಾವ. ಡಾಕ್ಟರಮ್ಮನಿಗೆ ಏನು ಅರ್ಥವಾಯಿತೋ. ಅವರು ತಲೆಯಾಡಿಸಿದರು.

ಮಾವ ಮಾತ್ರೆ ನುಂಗತೊಡಗಿದರು, ಆದರೆ ಕದ್ದೇ. ಬಾಗಿಲು ಹಾಕಿಕೊಂಡು, ನನ್ನೊಬ್ಬಳ ಮುಂದೆ. ಅತ್ತೆಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗಿದ್ದರು. ಹೀಗೇ ಎರಡು ತಿಂಗಳು ನಡೆಯಿತು. ಒಂದು ದಿನ ಕೆಳಬೀದಿಯ ಸಾಕಮ್ಮ ಹೇಳಿ ಕಳಿಸಿದಳು. ಅವಳ ಮಗಳು ಭಾಗೀರಥಿಯನ್ನು ನೋಡಲು ಇನ್ನು ಹತ್ತು ದಿನಕ್ಕೆ ಗಂಡಿನ ಕಡೆಯವರು ಬರುತ್ತಾರಂತೆ, ಒಳಕೋಣೆಗೆ ಒಂದು ಕೈ ಗಾರೆ ಎಳೆಯಬೇಕಂತೆ. ರವಿಕೆ ಹೊಲಿಯುವ ಆ ಹುಡುಗಿಗೆ ನನ್ನ ಅಳತೆ ಕೊಡಬೇಕಿತ್ತು, ನಾನೂ ಮಾವನ ಜೊತೆಗೆ ಹೋದೆ. ನಾವು ಒಳಕೋಣೆಯಲ್ಲಿ ನಿಂತಿದ್ದಾಗಲೇ ಗೋಡೆ ಕೆಮ್ಮಿತು. ಒಣ ಕೆಮ್ಮಲ್ಲ, ಆಳದಿಂದ ಬಂದದ್ದು, ನಡುವೆ ನಿಂತು ಮತ್ತೆ ಮುಂದುವರಿದದ್ದು. ಸಾಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಗಿಲ ಬಳಿ ನಿಂತಿದ್ದ ಭಾಗೀರಥಿ ನೆಲ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದ ಹುಡುಗಿ, ಕೊರಳಿನ ಎಲುಬು ಎದ್ದು ಕಾಣುತ್ತಿತ್ತು.

"ಎಷ್ಟು ದಿನದಿಂದ?" ಎಂದು ಮಾವ ಕೇಳಿದರು. ಮೂವತ್ತು ವರ್ಷದಲ್ಲಿ ಅವರು ಯಾವ ಮನೆಯಲ್ಲೂ ಕೇಳಿರದ ಪ್ರಶ್ನೆ. ಸಾಕಮ್ಮ ಗಾಬರಿಯಾಗಿ, "ಶೀತ ಮೇಸ್ತ್ರಿ, ಬರೀ ಶೀತ. ನೀವು ಗಾರೆ ಎಳೆದುಬಿಡಿ" ಎಂದಳು. "ಒಂದು ತಿಂಗಳು" ಎಂದಳು ಭಾಗೀರಥಿ, ನೆಲದ ಕಡೆಯಿಂದ ಕಣ್ಣು ತೆಗೆಯದೆ. ಮಾವ ಬಾಂಡಲಿಯನ್ನು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತರು. "ಈ ಗೋಡೆ ಮುಚ್ಚಕ್ಕೆ ನನಗೆ ಅರ್ಧ ದಿನ ಸಾಕು ಸಾಕಮ್ಮ. ಹುಡುಗಿ ಎದೆ ಮುಚ್ಚಕ್ಕೆ ನನ್ನ ಹತ್ರ ಗಾರೆ ಇಲ್ಲ. ಕೇಂದ್ರಕ್ಕೆ ಕರ್ಕೊಂಡು ಹೋಗು." ಸಾಕಮ್ಮನಿಗೆ ಅಳು ಬಂತು. "ಅಲ್ಲಿಗೆ ಹೋದ್ರೆ ಇವಳನ್ನ ಯಾರು ಮಾಡ್ಕೋತಾರೆ? ನಿಮಗೇನು, ನಿಮ್ಮದು ವಾಸಿಯಾಯ್ತು. ಎರಡೇ ತಿಂಗಳಿಗೆ ಗೋಡೆ ಸುಮ್ಕಾಯ್ತು, ನಿಮ್ಮನೆ ಊಟ ನಾನೂ ಉಂಡು ಬಂದೆ" ಎಂದಳು.

ಮಾವ ನನ್ನ ಕಡೆ ನೋಡಿದರು. ಹೇಳಬೇಕಾದವಳು ನಾನಲ್ಲ ಎಂದು ಆ ಹೊತ್ತಿಗೆ ಕಲಿತಿದ್ದೆ. ಅವರು ಅಂಗಿಯ ಜೇಬಿಗೆ ಕೈ ಹಾಕಿ ಮಾತ್ರೆಯ ಹಾಳೆ ತೆಗೆದು ಸಾಕಮ್ಮನ ಮುಂದೆ ಹಿಡಿದರು. "ನೀನು ಉಂಡ ಊಟ ಸುಳ್ಳು ಕಣವ್ವ. ನಾನಿನ್ನೂ ನುಂಗ್ತಿದ್ದೀನಿ. ಇವತ್ತು ಬೆಳಿಗ್ಗೇನೂ ನುಂಗೀನಿ, ನಾಳೇನೂ ನುಂಗ್ತೀನಿ. ಗೋಡೆ ಸುಮ್ಕಾಗೋದು ಬೇರೆ, ವಾಸಿಯಾಗೋದು ಬೇರೆ. ನಾನು ನಡುವೆ ಬಿಟ್ಟು ಸಾಯೋಕೆ ಹೊರಟಿದ್ದೆ, ಈ ನನ್ನ ಸೊಸೆ ಹಿಡ್ಕೊಂಡು ಬಂದ್ಲು. ಈ ಮಾತನ್ನ ನೀನು ಊರಿಗೆಲ್ಲ ಹೇಳಿದ್ರೂ ಸರಿ" ಎಂದರು. ಸಾಕಮ್ಮ ಹಾಳೆಯನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಆಮೇಲೆ ಭಾಗೀರಥಿ, "ವಾರಿಜಕ್ಕ, ನೋಯಿಸ್ತಾರಾ ಅಲ್ಲಿ?" ಎಂದು ಕೇಳಿದಳು. "ಇಲ್ಲ. ಬೈತಾರೆ ಅಷ್ಟೇ" ಎಂದೆ. ಅವಳು ನಕ್ಕಳು. ಮಾರನೆಯ ದಿನ ಅವಳನ್ನು ನಾನೇ ಕರೆದುಕೊಂಡು ಹೋದೆ. ಟಿ.ಬಿ.ಯೇ ಆಗಿತ್ತು. ಗಂಡಿನ ಕಡೆಯವರಿಗೆ ಆರು ತಿಂಗಳು ತಡೆಯಿರಿ ಎಂದು ಸಾಕಮ್ಮ ಹೇಳಿ ಕಳಿಸಿದಳು. ಅವರು ತಡೆಯುತ್ತಾರೋ ಇಲ್ಲವೋ ಇನ್ನೂ ತಿಳಿದಿಲ್ಲ. ಹುಡುಗಿಯ ಕೆನ್ನೆ ಮಾತ್ರ ತುಂಬಿಕೊಂಡಿದೆ.

ಸಾಕಮ್ಮ ಊರಿಗೆಲ್ಲ ಹೇಳಿಯೇ ಹೇಳಿದಳು. ಅತ್ತೆ ಎರಡು ದಿನ ಬೀದಿಗೆ ಮುಖ ಹಾಕಲಿಲ್ಲ, ಮಾವನ ಜೊತೆ ಮಾತಾಡಲಿಲ್ಲ. ಎರಡು ಕಡೆಯಿಂದ ಮಾವನಿಗೆ ಬರಬೇಕಿದ್ದ ಕೆಲಸ ತಪ್ಪಿತು. ಆದರೆ ಬೇರೆ ಬಗೆಯ ಜನ ಬರತೊಡಗಿದರು. ಗಾರೆಯ ಮಾತೆತ್ತಿ, ಅದು ಇದು ಮಾತಾಡಿ, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಆ ಕೇಂದ್ರ ಎಷ್ಟೊತ್ತಿಗೆ ತೆಗೀತಾರೆ ಮೇಸ್ತ್ರಿ?" ಎಂದು ಕೇಳುವವರು. ಕಳೆದ ತಿಂಗಳು ಮೇಲುಬೀದಿಯವರು ಮೌನದೂಟಕ್ಕೆ ಕರೆಯಲು ಬಂದಾಗ ಅತ್ತೆ ಕುಂಕುಮ ತೆಗೆದುಕೊಳ್ಳುವ ಮೊದಲೇ, "ಮಾತ್ರೆ ಪೂರ್ತಿ ಮುಗೀತಾ?" ಎಂದರು. ಬಂದವಳು ತಡವರಿಸಿದಳು. "ಮುಗಿಸಿ ಕರೀರಿ, ಆಗ ಬಂದು ಎರಡು ಸಲ ಉಣ್ತೀನಿ" ಎಂದು ಕಾಫಿ ಕೊಟ್ಟು ಕಳಿಸಿದರು.

ಮಾವನ ಕೊನೆಯ ಪರೀಕ್ಷೆಯ ಫಲಿತಾಂಶ ಹೋದ ಗುರುವಾರ ಬಂತು. ಇಂಚರಳನ್ನೂ ಕರೆದುಕೊಂಡು ಹೋಗಿದ್ದೆವು. ರೆಹಾನಾ ಕಾಗದವನ್ನು ಒಂದು ಸಲ ಓದಿದಳು, ನನಗಾಗಿ ಇನ್ನೊಂದು ಸಲ ಓದಿದಳು. ರೋಗಾಣು ಇಲ್ಲ, ಮಾತ್ರೆ ಮುಗಿಯಿತು, ತೂಕ ಒಂಬತ್ತು ಕಿಲೋ ಹೆಚ್ಚಿದೆ. ಇನ್ನು ಆಗಾಗ ಬಂದು ತೋರಿಸಿಕೊಂಡು ಹೋದರೆ ಸಾಕು. ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡು ಹೋಗಿದ್ದ ಧನ್ಯವಾದದ ಮಾತೊಂದಿತ್ತು. ಅದನ್ನು ಶುರು ಮಾಡುವ ಮೊದಲೇ ರೆಹಾನಾ ನನ್ನ ಕೈ ಹಿಡಿದು ಅಲ್ಲಾಡಿಸಿ ಮುಂದಿನವರನ್ನು ಕರೆದಳು.

ವಾಪಸು ಬರುವಾಗ ಆಟೋ ಸಿಗಲಿಲ್ಲ. "ಕೆರೆ ಏರಿ ಮೇಲೆ ಹತ್ತಿ ಹೋಗಾನ" ಎಂದು ಮಾವ ಇಂಚರಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದರು. ನಾನು ತಡೆಯಲು ಎರಡು ಹೆಜ್ಜೆ ಮುಂದಿಟ್ಟು, ಮತ್ತೆ ಅವರ ಹಿಂದೆಯೇ ನಡೆದೆ. ಏರಿ ಕಡಿದಾಗಿತ್ತು. ಮುಂದೆ ಅವರ ಬೆನ್ನು, ಅದರ ಮೇಲೆ ನನ್ನ ಮಗಳ ಎರಡು ಜಡೆ, ಮಾತು, ನಗು. ಅರ್ಧ ದಾರಿಯಲ್ಲಿ ನನಗೆ ಏದುಸಿರು ಬಂದು, ಸೊಂಟಕ್ಕೆ ಕೈಯಿಟ್ಟು ನಿಂತೆ. ಮಾವ ಮೇಲಿನಿಂದ ತಿರುಗಿ ನೋಡಿದರು. ಅವರ ಎದೆ ನಿಧಾನವಾಗಿ ಏರಿಳಿಯುತ್ತಿತ್ತು.

"ಏನವ್ವ, ಸುಸ್ತಾಯ್ತಾ?"

"ನೀವು ಹೋಗ್ತಿರಿ ಮಾವ," ಎಂದೆ, "ನಾನು ಹಿಂದೆ ಬರ್ತೀನಿ."